ಕಾಡುಗುಲಾಬಿ: ನಂಬಿಕೆ ಒಂದು, ನಿಜ ಇನ್ನೊಂದು

‘ನಮ್ಮ ಗುಲಾಬಿ ಕಾಡಾಗಿಬಿಟ್ಟಿತು’ ಎಂಬ ಮಾತು ಹೂಗಿಡ ಬೆಳೆಸುವವರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ನರ್ಸರಿಯಿಂದ ತಂದಾಗ ದೊಡ್ಡ ಕೆಂಪು ಹೂ ಬಿಡುತ್ತಿದ್ದ ಗಿಡ, ಕೆಲವು ವರ್ಷ ಕಳೆಯುವಷ್ಟರಲ್ಲಿ ಉದ್ದುದ್ದ ಚಿಗುರು ಚಾಚಿ ಪುಟ್ಟ ಬಿಳಿ ಹೂಗೊಂಚಲು ಬಿಡತೊಡಗುತ್ತದೆ. ಗಿಡವೇನೂ ಜಾತಿ ಬದಲಿಸಿಲ್ಲ. ಅಲ್ಲಿ ಮೊದಲಿನಿಂದಲೂ ಇದ್ದದ್ದು ಎರಡು ಗಿಡ. ರೋಸಾ ಮಲ್ಟಿಫ್ಲೋರಾದಂಥ ಗಟ್ಟಿಮುಟ್ಟಾದ ಕಾಡುಜಾತಿಯ ಕಾಂಡಕ್ಕೆ ಬೇಕಾದ ತಳಿಯ ಕಣ್ಣು ಕಸಿ ಮಾಡುವುದು ನರ್ಸರಿಗಳ ರೂಢಿ. ಕಸಿ ಗಂಟಿನ ಕೆಳಗಿಂದ ಹೊರಟ ಚಿಗುರು ಬೇರುಗಿಡದ್ದು, ಅಂದರೆ ಆ ಕಾಡುಜಾತಿಯದು. ಬಿಟ್ಟರೆ ಅದು ಮೇಲಿನ ತಳಿಯನ್ನು ಸೊರಗಿಸುತ್ತದೆ. ಏಳೆಲೆಯದು ಕಾಡು, ಐದೆಲೆಯದು ಊರು ಎಂದು ಎಣಿಸಿ ತೀರ್ಮಾನಿಸುವವರಿದ್ದಾರೆ. ಅದನ್ನು ನಂಬಬೇಡಿ, ಊರತಳಿಗಳಲ್ಲೂ ಏಳೆಲೆಯವು ಇವೆ. ಬುಡದ ಮಣ್ಣು ಕೆದಕಿ, ಚಿಗುರು ಹೊರಟ ಜಾಗವನ್ನೇ ನೋಡಿ, ಅಲ್ಲಿಂದಲೇ ಕಿತ್ತು ತೆಗೆಯಬೇಕು. ಮೇಲೆ ಕತ್ತರಿಸಿದರೆ ಕವಲೊಡೆದು ಮತ್ತೆ ಬರುತ್ತದೆ.

ಈ ಅನುಭವದಿಂದಲೇ ಇರಬೇಕು, ಕಾಡುಗುಲಾಬಿ ಎಂದರೆ ಕೆಟ್ಟುಹೋದ ಗುಲಾಬಿ ಎಂಬ ಭಾವನೆ ಬೇರೂರಿರುವುದು. ವಾಸ್ತವದಲ್ಲಿ ಅದೇ ಮೂಲ. ಸಾಮಾನ್ಯವಾಗಿ ಐದೇ ಎಸಳು, ನಡುವೆ ತುಂಬು ಕೇಸರ. ತೋಟದ ಸುತ್ತುಹೂಗಳಲ್ಲಿ ಬಹಳಷ್ಟು ಕೇಸರಗಳು ಎಸಳಾಗಿ ಮಾರ್ಪಟ್ಟಿರುತ್ತವೆ. ಪರಾಗಕ್ಕೆ ಬರುವ ಜೇನಿಗೆ ತೆರೆದ ಐದೆಸಳಿನ ಹೂವೇ ಅನುಕೂಲ. ವಾಸನೆ ಇಲ್ಲ ಎನ್ನುವವರು ಹಿಮಾಲಯದ ರೋಸಾ ಬ್ರುನೋನಿ ಅರಳಿದಾಗ ಅದರ ಹತ್ತಿರ ನಿಂತು ನೋಡಬೇಕು.

‘ಅದು ಚಳಿನಾಡಿನ ಗಿಡ, ನಮ್ಮಲ್ಲಿ ಬಾಳುವುದಿಲ್ಲ’ ಎಂಬುದೂ ಅರ್ಧಸತ್ಯ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಹಬ್ಬುವ ರೋಸಾ ಲೆಶೆನಾಲ್ಟಿಯಾನಾ ದಕ್ಷಿಣದ್ದೇ ಕಾಡುಗುಲಾಬಿ. ಬಂಗಾಳ, ಬಿಹಾರದ ಕಡೆಯ ರೋಸಾ ಕ್ಲೈನೋಫಿಲ್ಲಾ ಬಿಸಿಲನ್ನಷ್ಟೇ ಅಲ್ಲ, ನಿಂತ ನೀರನ್ನೂ ತಾಳುತ್ತದೆ. ಮಣಿಪುರದ ಬೆಟ್ಟಗಳಲ್ಲಿ 1882ರಲ್ಲಿ ಸಸ್ಯಶಾಸ್ತ್ರಜ್ಞ ಜಾರ್ಜ್ ವ್ಯಾಟ್ ಕಂಡ ರೋಸಾ ಜೈಗಾಂಟಿಯಾ ಮರವೇರುವ ಬಳ್ಳಿ. ಕೊಡೈಕೆನಾಲಿನ ಗುಲಾಬಿ ತಳಿಕಾರ ಎಂ.ಎಸ್. ವೀರರಾಘವನ್ ಬಿಸಿನಾಡಿಗೆ ಒಗ್ಗುವ ತಳಿಗಳಿಗಾಗಿ ಆರಿಸಿಕೊಂಡದ್ದು ಈ ಕೊನೆಯ ಎರಡನ್ನು. ಬಯಲುಸೀಮೆಯವರಿಗೆ ಕ್ಲೈನೋಫಿಲ್ಲಾ ಮತ್ತು ಅದರ ಸಂತತಿಯೇ ಮೇಲು.

ಹೆಚ್ಚಿನ ಗಿಡಗಳು ಸೋಲುವುದು ಕತ್ತರಿಯಿಂದ. ಮಳೆಗಾಲ ಮುಗಿದ ಮೇಲೆ ಗುಲಾಬಿಯನ್ನು ಮೊಳಕಾಲೆತ್ತರಕ್ಕೆ ಸವರಬೇಕು ಎಂಬ ಪಾಠ ಮಾರುಕಟ್ಟೆಯ ತಳಿಗಳಿಗೆ ಸರಿ. ಕಾಡುಜಾತಿಗಳಲ್ಲಿ ಬಹುಪಾಲು ಹೂಬಿಡುವುದು ವರ್ಷಕ್ಕೊಮ್ಮೆ, ಅದೂ ಹಿಂದಿನ ವರ್ಷ ಬೆಳೆದ ಕೊಂಬೆಗಳಲ್ಲಿ. ಅವನ್ನೇ ಕತ್ತರಿಸಿದರೆ ಆ ವರ್ಷದ ಹೂವೆಲ್ಲ ಕತ್ತರಿಸಿದಂತೆ. ಆಮೇಲೆ ಹೂ ಬರಲಿಲ್ಲವೆಂದು ಗೊಬ್ಬರ ಸುರಿಯುತ್ತಾರೆ; ಸಾರಜನಕ ಹೆಚ್ಚಾಗಿ ಸೊಪ್ಪೇ ಬೆಳೆಯುತ್ತದೆ. ಹೂ ಮುಗಿದ ಮೇಲೆ ಮುದಿ ಕೊಂಬೆ ಒಂದೆರಡನ್ನು ಬುಡದಿಂದ ತೆಗೆದರೆ ಸಾಕು. ಬಾಡಿದ ಹೂಗಳನ್ನು ಚಿವುಟದೆ ಬಿಟ್ಟರೆ ಕಾಯಿ ಕಟ್ಟುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆಗೆ ಬರ ಬಂದಾಗ ಬ್ರಿಟನ್ನಿನಲ್ಲಿ ಬೇಲಿಗುಲಾಬಿಯ ಹಣ್ಣನ್ನು ಆಯ್ದು, ‘ಸಿ’ ಜೀವಸತ್ವಕ್ಕಾಗಿ ಮಕ್ಕಳಿಗೆ ಪಾನಕ ಕಾಸುತ್ತಿದ್ದರು. ಒಳಗಿನ ತುರಿಕೆಯ ರೋಮಗಳನ್ನು ಮಾತ್ರ ಸೋಸಲೇಬೇಕು.

ಕಾಡಿನದಕ್ಕೆ ರೋಗವಿಲ್ಲ ಎಂಬ ಮಾತಿಗೆ ಪಶ್ಚಿಮ ಏಷ್ಯಾದ ಹಳದಿ ರೋಸಾ ಫೀಟಿಡಾ ಒಂದೇ ಉತ್ತರ ಸಾಕು. ಎಲೆಯ ಕಪ್ಪುಚುಕ್ಕೆ ರೋಗ ಅದಕ್ಕೆ ಬಲುಬೇಗ ತಗಲುತ್ತದೆ. ಅದರ ಬಣ್ಣವನ್ನು ಫ್ರೆಂಚ್ ತಳಿಕಾರ ಪೆರ್ನೆ-ದುಷೆ 1900ರಲ್ಲಿ ‘ಸೊಲೈ ದೋರ್’ ತಳಿಯ ಮೂಲಕ ತೋಟಗಳಿಗೆ ತಂದಾಗ ರೋಗದ ದೌರ್ಬಲ್ಯವೂ ಜೊತೆಗೇ ಬಂತು.

ಕಾಡಿನ ಗಿಡವಾದ್ದರಿಂದ ಪರಿಸರಕ್ಕೆ ಹಾನಿಯಿಲ್ಲ ಎಂದೂ ಹೇಳುವಂತಿಲ್ಲ. ಪೂರ್ವ ಏಷ್ಯಾದ ಮಲ್ಟಿಫ್ಲೋರಾವನ್ನು ಮಣ್ಣಿನ ಸವಕಳಿ ತಡೆಯಲೆಂದು, ಜೀವಂತ ಬೇಲಿಯಾಗಲೆಂದು 1930ರ ದಶಕದಿಂದ ಅಮೆರಿಕ ಸರ್ಕಾರವೇ ಹಂಚಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಹಲವು ರಾಜ್ಯಗಳಲ್ಲಿ ಅದು ಕಾನೂನು ಹೆಸರಿಸಿದ ಕಳೆ. ಆದ್ದರಿಂದ ನೆಡುವ ಮೊದಲು ಜಾತಿ ಯಾವುದೆಂದು ನರ್ಸರಿಯಲ್ಲಿ ಕೇಳಿ ತಿಳಿಯಿರಿ. ಬೆಟ್ಟದ ಶೋಲಾ ಕಾಡಿನಿಂದ ಗಿಡ ಕಿತ್ತು ತರುವುದು ಬೇಡವೇ ಬೇಡ. ಕಡ್ಡಿಯಿಂದ ಬೆಳೆಸಿದ ಸಸಿಯನ್ನೇ ಕೊಳ್ಳಿ.