ಉಂಗುರದ ಹದ

ಹಳೆಯ ಕ್ಯಾಮೆರಾ ಮಸೂರಗಳನ್ನು ಪ್ರಶಂಸಿಸುವವರು ಬಹುಮಟ್ಟಿಗೆ ಅವುಗಳ ಗಾಜನ್ನೇ ಪ್ರಶಂಸಿಸುತ್ತಾರೆ. ಆದರೆ ದೃಶ್ಯವನ್ನು ಸ್ಫುಟಗೊಳಿಸುವ ಹೊಣೆಯೆಲ್ಲ ಛಾಯಾಗ್ರಾಹಕನ ಎಡಗೈ ಬೆರಳುಗಳ ಮೇಲೆ ಬಿದ್ದಿದ್ದ ಕಾಲದಲ್ಲಿ, ಆ ಬೆರಳುಗಳಿಗೆ ಮಸೂರದ ಪರಿಚಯವಾಗುತ್ತಿದ್ದುದು ಗಾಜಿನಿಂದಲ್ಲ, ಫೋಕಸ್ ಉಂಗುರದಿಂದ. ಆ ಉಂಗುರ ತಿರುಗುವ ಹದವೂ ಗಾಜಿನಷ್ಟೇ ಗೌರವಕ್ಕೆ ಅರ್ಹವಾದ ಶಿಲ್ಪವೆಂದು ನನ್ನ ಎಣಿಕೆ.

ಉಂಗುರದ ಒಳಗಿರುವುದು ಹೆಲಿಕಾಯ್ಡ್ ಎಂಬ ತಿರುಪಿನ ಜೋಡಣೆ. ಒಂದರೊಳಗೊಂದು ಸೇರುವ ಲೋಹದ ಕೊಳವೆಗಳ ಮೈಮೇಲೆ ಹಲವು ಬಾಯಿಗಳುಳ್ಳ ಕಡಿದಾದ ತಿರುಪುಗಳನ್ನು ಕೊರೆದಿರುತ್ತಾರೆ. ಉಂಗುರ ತಿರುಗಿದಂತೆ ಗಾಜಿನ ಸಮೂಹ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಈ ಚಲನೆ ಎಷ್ಟು ಅಲ್ಪವೆಂದರೆ, 50 ಮಿಲಿಮೀಟರಿನ ಮಸೂರವೊಂದು ಅನಂತ ದೂರದಿಂದ 10 ಮೀಟರಿನ ವಸ್ತುವಿಗೆ ಹೊಂದಿಕೊಳ್ಳಲು ಸುಮಾರು 0.25 ಮಿಲಿಮೀಟರ್ ಮುಂದೆ ಬಂದರೆ ಸಾಕು. 1 ಮೀಟರಿಗೆ 2.6, ಅರ್ಧ ಮೀಟರಿಗೆ 5.6. ಇಂತಹ ಸೂಕ್ಷ್ಮ ವ್ಯವಹಾರವನ್ನು ಬೆರಳು ನಿಶ್ಚಿಂತೆಯಿಂದ ನಡೆಸಬೇಕಾದರೆ ತಿರುಪುಗಳ ನಡುವೆ ಎಳ್ಳಷ್ಟೂ ಸಡಿಲವಿರಕೂಡದು, ಇತ್ತ ಲೋಹ ಲೋಹವನ್ನು ಕಚ್ಚಲೂ ಕೂಡದು. ಅಲ್ಯೂಮಿನಿಯಂ ಅಲ್ಯೂಮಿನಿಯಮನ್ನು ಉಜ್ಜಿದರೆ ಹಿಡಿದುಕೊಳ್ಳುವ ಸ್ವಭಾವದ್ದಾದುದರಿಂದ ಅನೇಕ ತಯಾರಕರು ಅದಕ್ಕೆ ಹಿತ್ತಾಳೆಯನ್ನು ಜೊತೆಗೂಡಿಸಿ, ಉಳಿದ ಕೂದಲೆಳೆಯಷ್ಟು ತೆರಪನ್ನು ಮಂದವಾದ ಗ್ರೀಸಿನಿಂದ ತುಂಬಿದರು. ಈ ಗ್ರೀಸಿನ ಕಾರ್ಯ ಜಾರಿಸುವುದಷ್ಟೇ ಅಲ್ಲ, ತಡೆಯುವುದೂ ಹೌದು: ಮೆಲ್ಲನೆ ತಿರುಗಿಸುವ ಕೈಗೆ ಅದು ಒಲಿಯುತ್ತದೆ, ಅವಸರದ ಕೈಯನ್ನು ಪ್ರತಿರೋಧಿಸುತ್ತದೆ, ಬಿಟ್ಟ ಎಡೆಯಲ್ಲಿಯೇ ಉಂಗುರವನ್ನು ನಿಲ್ಲಿಸುತ್ತದೆ. ವೀಣೆಯ ಬಿರಡೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜಪಾನಿನ ಅಸಾಹಿ ಸಂಸ್ಥೆ 1960ರ ದಶಕದಲ್ಲಿ ಪೆಂಟಾಕ್ಸ್ ಕ್ಯಾಮೆರಾಗಳಿಗಾಗಿ ಮಾಡಿದ ಟಾಕುಮಾರ್ ಮಸೂರಗಳ ಉಂಗುರ, ಅರ್ಧ ಶತಮಾನ ಕಳೆದ ಮೇಲೂ ಬೆಣ್ಣೆಯಂತೆ ತಿರುಗುವುದುಂಟು. ಈ ವಿಷಯದಲ್ಲಿ ಅವನ್ನು ಮೀರಿಸಿದವು ವಿರಳ. ಜರ್ಮನಿಯ ಝೈಸ್ ಬಯೋಟಾರನ್ನು ಮಾದರಿಯಾಗಿಟ್ಟುಕೊಂಡು 1958ರಿಂದ ಸೋವಿಯತ್ ದೇಶದ ಕ್ರಾಸ್ನೊಗೊರ್ಸ್ಕ್‌ನಲ್ಲಿ ತಯಾರಾದ ಹೆಲಿಯೋಸ್-44 ಗಾಜಿನ ದೃಷ್ಟಿಯಿಂದ ಕೀರ್ತಿವಂತವಾದರೂ, ಅದರ ಗ್ರೀಸ್ ಮಾತ್ರ ಕಾಲಕ್ರಮದಲ್ಲಿ ಮೇಣದಂತೆ ಗಟ್ಟಿಯಾಗುವ ದುರ್ಗುಣವುಳ್ಳದ್ದು. ಕ್ಯಾಮೆರಾಕ್ಕೆ ತಿರುಪಿನಿಂದಲೇ ಕೂರುವ ಅಂತಹ ಮಸೂರದಲ್ಲಿ ಫೋಕಸ್ ಉಂಗುರವನ್ನು ಒತ್ತಾಯಿಸಿದರೆ, ಉಂಗುರ ಅಲುಗದೆ ಮಸೂರವೇ ಕ್ಯಾಮೆರಾದಿಂದ ಬಿಚ್ಚಿಕೊಂಡು ಬರುವ ವಿನೋದವೂ ನಡೆಯುತ್ತದೆ.

ಬಿಗಿತದ ಮೂಲ ಗ್ರೀಸಿನ ವಾರ್ಧಕ್ಯ. ಗ್ರೀಸೆಂದರೆ ಸಾಬೂನಿನಂತಹ ಪದಾರ್ಥವೊಂದು ಹಿಡಿದಿಟ್ಟುಕೊಂಡ ಎಣ್ಣೆಯಷ್ಟೆ. ವರ್ಷಗಳು ಉರುಳಿದಂತೆ ಎಣ್ಣೆ ಬೇರ್ಪಟ್ಟು ಹರಿದು ದ್ಯುತಿರಂಧ್ರದ ಎಲೆಗಳಿಗೆ ಅಂಟುತ್ತದೆ, ಆವಿಯಾಗಿ ಗಾಜಿನ ಮೇಲೆ ಮಬ್ಬಾಗುತ್ತದೆ, ತಿರುಪಿನಲ್ಲಿ ಒಣಗಿದ ಸಾಬೂನು ಮಾತ್ರ ಉಳಿಯುತ್ತದೆ. ಹೊಲಿಗೆಯಂತ್ರದ ಎಣ್ಣೆಯನ್ನು ಬಿಟ್ಟರೆ ಉಂಗುರ ಒಂದೆರಡು ವಾರ ಸಲೀಸಾಗಿ ತಿರುಗೀತು, ಆಮೇಲೆ ಆ ಎಣ್ಣೆಯೂ ಗಾಜಿನ ದಾರಿ ಹಿಡಿಯುತ್ತದೆ. ಸರಿಯಾದ ಮಾರ್ಗವೆಂದರೆ ಕೊಳವೆಗಳನ್ನು ಬಿಚ್ಚಿ, ಹಳೆಯ ಜಿಡ್ಡನ್ನು ನಾಫ್ತಾದಲ್ಲಿ ತೊಳೆದು, ಹೊಸ ಗ್ರೀಸನ್ನು ತೆಳುವಾಗಿ ಸವರುವುದು. ಇಲ್ಲಿ ತಿರುಪಿನ ಬಾಯಿಗಳು ಹಲವಾದ್ದರಿಂದ, ಎರಡು ಕೊಳವೆಗಳು ಬೇರಾದ ಎಡೆಯನ್ನು ಗುರುತು ಮಾಡಿಕೊಳ್ಳದವನು ಮರುಜೋಡಣೆಯಲ್ಲಿ ತಪ್ಪು ಬಾಯಿಯನ್ನು ಹಿಡಿಯುತ್ತಾನೆ. ಉಂಗುರ ಸೊಗಸಾಗಿ ತಿರುಗುತ್ತದೆ, ದೂರದ ಬೆಟ್ಟ ಮಾತ್ರ ಎಂದೆಂದಿಗೂ ಸ್ಫುಟವಾಗುವುದಿಲ್ಲ.

1985ರಲ್ಲಿ ಮಿನೋಲ್ಟಾ 7000 ಬಂದು ಸ್ವಯಂಚಾಲಿತ ಫೋಕಸ್ ಜನಪ್ರಿಯವಾದ ಮೇಲೆ, ಪುಟ್ಟ ಮೋಟಾರಿಗೆ ಎಳೆಯಲು ಸುಲಭವಾಗಲೆಂದು ಉಂಗುರಗಳು ಹಗುರವಾದವು, ಬೆರಳಿಗೆ ಬೇಕಾದ ತಡೆ ಮಾಯವಾಯಿತು. ಕನ್ನಡಿಯಿಲ್ಲದ ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಅಡಾಪ್ಟರಿನ ಮೂಲಕ ಹಳೆಯ ಮಸೂರಗಳನ್ನು ಕೂರಿಸಬಹುದಾದ್ದರಿಂದ ಆ ಹದವನ್ನು ಅರಸುವವರು ಈಗ ಮತ್ತೆ ಹುಟ್ಟಿಕೊಂಡಿದ್ದಾರೆ.

ಮನೆಯ ಬೀರುವಿನಲ್ಲಿ ಅಂತಹದೊಂದು ಮಸೂರ ಬಿಗಿದು ಕುಳಿತಿದ್ದರೆ, ಬಲಪ್ರಯೋಗ ಮಾಡದೆ, ಎಣ್ಣೆಯನ್ನೂ ಬಿಡದೆ, ಬಲ್ಲ ರಿಪೇರಿಯವರ ಕೈಗೆ ಒಪ್ಪಿಸಬೇಕೆಂದು ಕೋರುತ್ತೇನೆ. ಗಾಜು ನಿರ್ಮಲವಾಗಿದ್ದರೆ, ಬಿಗಿತವೊಂದೇ ಅದನ್ನು ಬಿಸುಡುವುದಕ್ಕೆ ಕಾರಣವಾಗಲಾರದು.