ಬೇಸಿಗೆಯ ಈಜುಡುಗೆ: ಚೆಂದವೂ ಇರಲಿ, ಎಚ್ಚರವೂ ಇರಲಿ

ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳು ಕಾಲಿಟ್ಟೊಡನೆ ಮಂಡ್ಯ ಸೀಮೆಯ ಮನೆಗಳಿಗೆ ಬೆಂಗಳೂರು, ಮೈಸೂರುಗಳಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಬಿಸಿಲು ಏರಿದಂತೆಲ್ಲ ಅವರ ಮನಸ್ಸು ನೀರಿನತ್ತ ಹರಿಯುವುದು ಸಹಜ. ಶ್ರೀರಂಗಪಟ್ಟಣದವರಿಗೆ ಪಶ್ಚಿಮವಾಹಿನಿ, ಗಂಜಾಂ, ಸಂಗಮ. ಪಾಂಡವಪುರದವರಿಗೆ ತೊಣ್ಣೂರು ಕೆರೆ ಮತ್ತು ವಿಶ್ವೇಶ್ವರಯ್ಯ ನಾಲೆ. ಕೃಷ್ಣರಾಜಪೇಟೆಯವರಿಗೆ ಹೇಮಗಿರಿಯ ಬಳಿ ಹರಿಯುವ ಹೇಮಾವತಿ. ನಾಗಮಂಗಲದವರಿಗೆ ಊರ ಕೆರೆ, ತೋಟದ ಬಾವಿ. ರಜೆಗೆ ಹೊರಡುವ ಹುಡುಗನಿಗೆ ಹೊಸ ಅಂಗಿ, ಪ್ಯಾಂಟು, ಚಪ್ಪಲಿಗಳನ್ನು ಕೊಳ್ಳುವ ನಾವು, ನೀರಿಗಿಳಿಯಲು ಅವನು ಏನನ್ನು ಉಡುವನೆಂದು ಯೋಚಿಸುವುದೇ ಇಲ್ಲ. ಹಳೆಯ ಚಡ್ಡಿಯೊಂದಿದ್ದರೆ ಸಾಕೆಂಬುದು ರೂಢಿ. ಈ ರೂಢಿಯ ಬಗೆಗೆ ಕೆಲವು ಮಾತುಗಳನ್ನು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರಾಗಿದ್ದರು. ಗರಡಿಮನೆಯ ಲಂಗೋಟಿಯೇ ಅವರ ಈಜುಡುಗೆ. ಮೈಗೆ ಬಿಗಿಯಾಗಿ ಅಂಟಿದ, ತೊಡೆಗೆ ತೊಡಕಾಗದ, ಗಾಳಿಗೆ ಒಡ್ಡಿದರೆ ಬೇಗನೆ ಒಣಗುವ ತುಂಡು ಬಟ್ಟೆ ಅದು. ಈಜು ಕಲಿಯುವ ಹುಡುಗನ ಬೆನ್ನಿಗೆ ಸೋರೆ ಬುರುಡೆಯನ್ನೋ ಕತ್ತಾಳೆ ಬೆಂಡನ್ನೋ ಕಟ್ಟಿ, ಬಾವಿಯ ಮೆಟ್ಟಿಲ ಮೇಲೆ ದೊಡ್ಡವರೊಬ್ಬರು ನಿಂತಿರುತ್ತಿದ್ದರು. ಇಂದು ಲಂಗೋಟಿ ಹೋಗಿದೆ, ಮೆಟ್ಟಿಲ ಮೇಲೆ ನಿಲ್ಲುವವರೂ ಅಪರೂಪವಾಗಿದ್ದಾರೆ. ಗೆಳೆಯರೊಡನೆ ಮೋಟಾರು ಸೈಕಲ್ಲಿನಲ್ಲಿ ಬಂದ ತರುಣರು ತೊಟ್ಟ ಜೀನ್ಸ್ ಪ್ಯಾಂಟಿನಲ್ಲಿಯೇ, ಜೇಬಿನಲ್ಲಿ ಕೀಲಿಕೈ ಇಟ್ಟುಕೊಂಡೇ ನೀರಿಗಿಳಿಯುತ್ತಾರೆ.

ಇದರಲ್ಲಿರುವ ಅಪಾಯ ಮೇಲ್ನೋಟಕ್ಕೆ ಕಾಣದು. ಹತ್ತಿಯ ನೂಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಸಾಧಾರಣ ಹವೆಯಲ್ಲಿಯೇ ಅದು ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಲಾನ್ ಹಿಡಿಯುವುದು ಶೇಕಡಾ 4ರಷ್ಟು. ಪಾಲಿಯೆಸ್ಟರ್ ಅರ್ಧದಷ್ಟೂ ಇಲ್ಲ. ನೆನೆದ ಜೀನ್ಸ್ ಮಂಡಿಯನ್ನು ಬಿಗಿದು ಕಾಲು ಬಡಿಯಲು ಬಿಡುವುದಿಲ್ಲ. ಪಂಚೆಯಾದರೆ ಬಿಚ್ಚಿಕೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ. ಈಜು ಬಲ್ಲವನೂ ದಣಿಯುವುದು ಇಂತಹ ಉಡುಪಿನಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರೆಲ್ಲರೂ ಉಡುಪಿನಿಂದಲೇ ಸತ್ತರೆಂದು ಹೇಳುವಂತಿಲ್ಲ; ಆದರೆ ಉಡುಪು ನಮ್ಮ ಕೈಯಲ್ಲಿರುವ ಸಂಗತಿ.

ಅಂಗಡಿಯಲ್ಲಿ ಗಂಡಸರ ಈಜುಡುಗೆಗಳು ಮುಖ್ಯವಾಗಿ ಮೂರು ಬಗೆಯಲ್ಲಿ ದೊರೆಯುತ್ತವೆ. ಮೊದಲನೆಯದು ಸೊಂಟಕ್ಕಷ್ಟೇ ಅಂಟಿಕೊಂಡ ಬ್ರೀಫ್, ಲಂಗೋಟಿಯ ತಮ್ಮನೆನ್ನಬಹುದು. ಎರಡನೆಯದು ತೊಡೆಯನ್ನು ಬಿಗಿಯಾಗಿ ಆವರಿಸಿ ಮಂಡಿಯ ಮೇಲೆ ನಿಲ್ಲುವ ಜಾಮರ್. ಮೂರನೆಯದು ಲಾಡಿ ಇರುವ ಸಡಿಲವಾದ ಈಜು ಚಡ್ಡಿ. ಒಳಗೆ ಜಾಲರಿಯ ಬಟ್ಟೆಯಿದ್ದು, ಬಣ್ಣಬಣ್ಣದ ಚಿತ್ತಾರಗಳು ಹೆಚ್ಚಾಗಿರುವುದು ಇದರಲ್ಲಿಯೇ. 2010ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಈಜು ಸ್ಪರ್ಧೆಗಳ ನಿಯಮದಂತೆ ಗಂಡಸರ ಉಡುಗೆ ಹೊಕ್ಕುಳಿಗಿಂತ ಮೇಲೇರಬಾರದು, ಮಂಡಿಗಿಂತ ಕೆಳಗಿಳಿಯಬಾರದು. ಜಗತ್ತಿನ ಅತಿ ವೇಗದ ಈಜುಗಾರರಿಗೆ ಅಷ್ಟೇ ಬಟ್ಟೆ ಸಾಕಾಗಿರುವಾಗ ನಮ್ಮ ಹುಡುಗರಿಗೆ ಮೊಣಕಾಲಿನ ಕೆಳಗೆ ಇಳಿಬೀಳುವ ಚಡ್ಡಿ ಏತಕ್ಕೆ?

ಯಾವುದನ್ನು ಕೊಳ್ಳಬೇಕೆಂಬುದನ್ನು ಇಳಿಯುವ ನೀರೇ ತೀರ್ಮಾನಿಸಬೇಕು. ಮೈಸೂರಿನ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಂತಹ ಕಡೆ ಕಲಿಯಲು ಹೋಗುವ ಹುಡುಗನಿಗೆ ಬ್ರೀಫ್ ಅಥವಾ ಜಾಮರ್ ತಕ್ಕದ್ದು. ಕೊಳದ ಕ್ಲೋರಿನ್ ಲೈಕ್ರಾದ ಎಳೆಗಳನ್ನು ಬೇಗ ಸಡಿಲಗೊಳಿಸುವುದರಿಂದ, ದಿನವೂ ಈಜುವವನಿಗೆ ಪಾಲಿಯೆಸ್ಟರ್ ಹೆಚ್ಚು ಬಾಳಿಕೆ ಬರುತ್ತದೆ. ಪಶ್ಚಿಮವಾಹಿನಿಯಂತಹ ಸ್ನಾನಘಟ್ಟಗಳ ಮಾತು ಬೇರೆ. ಅಲ್ಲಿ ಕರ್ಮಾಂತರಗಳಿಗೆ ಬಂದ ಸಂಸಾರಗಳೂ ಹೆಂಗಸರೂ ಇರುತ್ತಾರೆ. ಅಂತಹ ಕಡೆ ತೊಡೆ ಮುಚ್ಚುವ ಜಾಮರ್, ಇಲ್ಲವೆ ಮಂಡಿಯ ಮೇಲಿನ ಈಜು ಚಡ್ಡಿ ಮರ್ಯಾದೆಗೂ ಸರಿ, ಈಜಿಗೂ ಸರಿ.

ಇನ್ನು ಬಣ್ಣದ ಮಾತು. ತರುಣರಿಗೆ ಕಡುನೀಲಿ, ಬೂದು, ಬಿಳಿ ಬಣ್ಣಗಳು ಬಹಳ ಇಷ್ಟ. ನೀರಿನೊಳಗೆ ಮೊದಲು ಕಣ್ಮರೆಯಾಗುವುವೂ ಇವೇ. ಹೊಳೆಯುವ ಕಿತ್ತಳೆ, ಎದ್ದು ಕಾಣುವ ಹಳದಿ ಬಣ್ಣಗಳು ಕೆರೆಯ ಬಗ್ಗಡ ನೀರಿನಲ್ಲಿಯೂ ದಡದಲ್ಲಿರುವವರ ಕಣ್ಣಿಗೆ ಬೀಳುತ್ತವೆ. ಮಕ್ಕಳ ಗುಂಪಿನಲ್ಲಿ ತಮ್ಮ ಹುಡುಗನನ್ನು ಕೂಡಲೇ ಗುರುತಿಸಬೇಕೆನ್ನುವ ತಾಯಿಗೆ ಇದಕ್ಕಿಂತ ಒಳ್ಳೆಯ ಫ್ಯಾಷನ್ ಇಲ್ಲ.

ಕೊಳ್ಳುವಾಗ ಅಂಗಡಿಯಲ್ಲಿಯೇ ಎರಡು ಬಾರಿ ಕುಕ್ಕರಗಾಲಿನಲ್ಲಿ ಕುಳಿತು ಏಳಿಸಿ ನೋಡಬೇಕು. ಸೊಂಟ ಜಾರಬಾರದು, ತೊಡೆ ಕಚ್ಚಬಾರದು. ನೀರಿನಲ್ಲಿ ಬಟ್ಟೆ ಸ್ವಲ್ಪ ಸಡಿಲಗೊಳ್ಳುವುದರಿಂದ, ಬೆಳೆಯುವ ಹುಡುಗನೆಂದು ಎರಡು ಅಳತೆ ದೊಡ್ಡದನ್ನು ತರುವ ಉಳಿತಾಯ ಇಲ್ಲಿ ಸಲ್ಲದು. ಬರಿಯ ಎಲಾಸ್ಟಿಕ್ಕಿಗಿಂತ ಒಳಗೆ ಲಾಡಿಯೂ ಇರುವುದು ಲೇಸು. ಕಟ್ಟಿದ ಲಾಡಿಯ ತುದಿಯನ್ನು ಒಳಕ್ಕೆ ಸೇರಿಸಬೇಕು. ದೊಡ್ಡ ಜೇಬುಗಳು ನೀರು ತುಂಬಿಕೊಂಡು ಎಳೆಯುತ್ತವೆ. ಈಜಿ ಬಂದ ಮೇಲೆ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿನಲ್ಲಿ ಒಣಗಿಸಿದರೆ ಬಣ್ಣವೂ ಬಿಗಿಯೂ ಉಳಿಯುತ್ತವೆ. ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಶಿವದಾರವನ್ನು ಇಳಿಬಿಡದೆ, ಲಿಂಗವಸ್ತ್ರವನ್ನು ಎದೆಗೆ ಒತ್ತಿ ಬಿಗಿಯಾಗಿ ಕಟ್ಟಿಕೊಳ್ಳುವುದು ಕ್ಷೇಮ. ಜೋಲುವ ದಾರ ಕೈಗೋ ಬೇರಿಗೋ ಸಿಲುಕಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಎಷ್ಟೇ ಬೆಲೆಯ ಉಡುಗೆಯಾದರೂ ಈಜು ಬಾರದವನನ್ನು ತೇಲಿಸದು. ಹಿಂದೆ ಇರ್ವಿನ್ ನಾಲೆಯೆಂದು ಕರೆಸಿಕೊಳ್ಳುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಸಿಗೆಯ ದಿನಗಳಲ್ಲಿ ಕಟ್ಟು ಪದ್ಧತಿಯಂತೆ ನೀರು ಬರುತ್ತದೆ. ನಿನ್ನೆ ಬರಿದಾಗಿದ್ದ ನಾಲೆ ಇಂದು ತುಂಬಿ ಹರಿಯಬಹುದು. ಸಿಮೆಂಟಿನ ಜಾರು ದಡದಲ್ಲಿ ಹಿಡಿದು ಮೇಲೇರಲು ಹುಲ್ಲುಕಡ್ಡಿಯೂ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಅಸುನೀಗಿದುದನ್ನು ಈ ಭಾಗದವರು ಮರೆತಿಲ್ಲ. ಆದಕಾರಣ ನಾಲೆ ಈಜುವ ಸ್ಥಳವಲ್ಲವೆಂಬುದನ್ನು ಮಕ್ಕಳಿಗೆ ಖಂಡಿತವಾಗಿ ತಿಳಿಸಬೇಕು. ಸಂಗಮದ ಸುಳಿ, ಬಲಮುರಿ ಎಡಮುರಿಗಳ ಬಂಡೆಯ ಸಂದು, ತೊಣ್ಣೂರು ಕೆರೆಯ ಆಳ ಇವು ನೋಡಿ ನಲಿಯತಕ್ಕವು; ಅಲ್ಲಿ ಧುಮುಕಿ ಪರೀಕ್ಷಿಸುವುದು ಬೇಡ. ಮೊದಲು ಕೊಳದಲ್ಲಿ ಬಲ್ಲವರಿಂದ ಕಲಿಕೆ, ಆಮೇಲೆ ದಡದ ಸಮೀಪದ ಹೊಳೆ; ಅದೂ ದೊಡ್ಡವರ ಕಣ್ಣೆದುರಿನಲ್ಲಿ.

ದಡದಲ್ಲಿ ನಿಲ್ಲುವ ಹಿರಿಯರು ಪಂಚೆಯುಟ್ಟಿದ್ದರೆ ಅದೂ ಒಳ್ಳೆಯದೇ. ನೀರಿಗಿಳಿದವನಿಗೆ ಶತ್ರುವಾದ ಪಂಚೆ ದಡದಲ್ಲಿ ನಿಂತವನಿಗೆ ಮಿತ್ರ. ಯಾರಾದರೂ ಮುಳುಗುತ್ತಿರುವುದು ಕಂಡರೆ ಅವಸರದಿಂದ ಧುಮುಕಿದವನೂ ಜೊತೆಗೆ ಮುಳುಗುವ ಸಂಭವವೇ ಹೆಚ್ಚು. ಅದರ ಬದಲು ನೆಲದ ಮೇಲೆ ಮಲಗಿ, ಎಂಟು ಮೊಳದ ಪಂಚೆಯ ಒಂದು ತುದಿಯನ್ನು ಕೈಗೆ ಸುತ್ತಿಕೊಂಡು ಇನ್ನೊಂದು ತುದಿಯನ್ನು ಎಸೆದರೆ ಸುಮಾರು 12 ಅಡಿ ದೂರದವರೆಗೆ ಅದು ಹಗ್ಗವಾಗಿ ಒದಗುತ್ತದೆ. ಹುಡುಗನಿಗೆ ಈಜು ಚಡ್ಡಿಯನ್ನು ಕೊಳ್ಳುವ ತಂದೆತಾಯಿಗಳು ಈ ಉಪಾಯವನ್ನು ಮನೆಯ ಹಿರಿಯರಿಗೂ ಹೇಳಿಕೊಟ್ಟರೆ, ರಜೆಯ ದಿನಗಳು ಎಲ್ಲರಿಗೂ ಸುಖವಾಗಿ ಕಳೆಯುವುವೆಂದು ನಾವು ಹಾರೈಸುತ್ತೇವೆ.