ಕೊಟ್ಟಿಗೆಯ ಧೂಳು, ಮಗುವಿನ ಉಸಿರು

ಧೂಳು ಉಬ್ಬಸದ ಶತ್ರುವೆಂದು ನಾವೆಲ್ಲ ನಂಬಿದ್ದೇವೆ. ಉಬ್ಬಸ ತಗುಲಿದ ಮಗುವಿನ ಮಟ್ಟಿಗೆ ಅದು ನಿಜವೇ. ಆದರೆ ರೋಗ ಕಾಣಿಸಿಕೊಳ್ಳುವ ಮುನ್ನ, ಎಳೆತನದಲ್ಲಿ ಮಗು ಉಸಿರಾಡುವ ಧೂಳೆಲ್ಲ ಒಂದೇ ಬಗೆಯದೆ? ಈ ಪ್ರಶ್ನೆಗೆ ಅಮೆರಿಕದ ಎರಡು ರೈತ ಸಮುದಾಯಗಳು ಕೊಟ್ಟ ಉತ್ತರವನ್ನು ತಮ್ಮ ಮುಂದಿಡಬಯಸುತ್ತೇನೆ.

ಇಂಡಿಯಾನಾದ ಆಮಿಶ್ ಜನರೂ ದಕ್ಷಿಣ ಡಕೋಟದ ಹಟರೈಟರೂ ಮಧ್ಯ ಯೂರೋಪಿನಿಂದ ವಲಸೆ ಹೋದವರ ಸಂತತಿ. ವಂಶಗುಣದಲ್ಲಿ ತೀರ ಹತ್ತಿರದವರು. ಇಬ್ಬರಲ್ಲಿಯೂ ತುಂಬಿದ ಸಂಸಾರ, ಬಹುಕಾಲ ಎದೆಹಾಲೂಡುವ ರೂಢಿ. ತಂಬಾಕಿನ ಹೊಗೆ ಅಪರೂಪ. ಭೇದವಿರುವುದು ಬೇಸಾಯದಲ್ಲಿ. ಆಮಿಶರು ಕುದುರೆ ಹೂಡಿ ಉಳುತ್ತಾರೆ. ಮನೆಯ ಮಗ್ಗುಲಲ್ಲೇ ಹಸುಗಳ ಕೊಟ್ಟಿಗೆ. ಹಟರೈಟರದು ಯಂತ್ರಗಳನ್ನು ನೆಚ್ಚಿದ ದೊಡ್ಡ ಸಾಮೂಹಿಕ ಕೃಷಿ. ಅವರ ಎಳೆಯ ಮಕ್ಕಳಿಗೆ ದನಕರುಗಳ ಒಡನಾಟ ಕಡಿಮೆ.

ಉಬ್ಬಸವುಳ್ಳ ಮಕ್ಕಳ ಪ್ರಮಾಣ ಆಮಿಶರಲ್ಲಿ ನೂರಕ್ಕೆ ಸುಮಾರು 5, ಹಟರೈಟರಲ್ಲಿ ಸುಮಾರು 21. ಕಾರಣವನ್ನರಸಿ ವಿಜ್ಞಾನಿಗಳು ಎರಡೂ ಕಡೆಯ ತಲಾ 30 ಮಕ್ಕಳ ರಕ್ತವನ್ನೂ ಮನೆಗಳ ಧೂಳನ್ನೂ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ವರದಿಯಂತೆ, ಬ್ಯಾಕ್ಟೀರಿಯಾಗಳ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ ಎಂಬ ವಸ್ತು ಆಮಿಶ್ ಮನೆಗಳ ಧೂಳಿನಲ್ಲಿ 6.8 ಪಟ್ಟು ಹೆಚ್ಚಾಗಿತ್ತು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಹನಿಸಿದಾಗ ಅವುಗಳಲ್ಲಿ ಉಬ್ಬಸದ ಲಕ್ಷಣಗಳು ತಗ್ಗಿದವು; ಹಟರೈಟರ ಮನೆಯ ಧೂಳಿಗೆ ಆ ಗುಣವಿರಲಿಲ್ಲ.

ಇದರ ಅರ್ಥವೇನು? ಹಸುಗೂಸಿನ ದೇಹರಕ್ಷಣೆಯ ವ್ಯವಸ್ಥೆ ಹೊಸದಾಗಿ ಕೆಲಸಕ್ಕೆ ಸೇರಿದ ಕಾವಲುಗಾರನಂತೆ. ನಾನಾ ಬಗೆಯ ಸೂಕ್ಷ್ಮಜೀವಿಗಳ ಪರಿಚಯ ಮೊದಲಿನಿಂದಲೇ ಆದರೆ ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕೆಂಬ ವಿವೇಕ ಅದಕ್ಕೆ ಬರುತ್ತದೆ. ಆ ಶಿಕ್ಷಣ ತಪ್ಪಿದರೆ ನಿರಪಾಯಕಾರಿ ಪರಾಗವನ್ನೂ ಶತ್ರುವೆಂದೆಣಿಸಿ ಅದು ಕಾದಾಟಕ್ಕಿಳಿಯಬಹುದು. ಆ ಕಾದಾಟವನ್ನೇ ನಾವು ಅಲರ್ಜಿ ಎನ್ನುತ್ತೇವೆ.

ಇಷ್ಟನ್ನು ಕೇಳಿ ಯಾರೂ ಮಗುವನ್ನು ಕೊಳಕಿನಲ್ಲಿ ಬಿಡಬೇಕಾಗಿಲ್ಲ. ಕೈತೊಳೆಯುವ ಸಾಬೂನಾಗಲಿ ಲಸಿಕೆಯಾಗಲಿ ಇಲ್ಲಿ ಅಪರಾಧಿಗಳಲ್ಲ. ಕಾಯಿಸದ ಹಾಲು ಕುಡಿಸುವುದಂತೂ ಅಪಾಯ. ನಮ್ಮ ಪೇಟೆಬೀದಿಯ ಧೂಳನ್ನು ಕೊಟ್ಟಿಗೆಯ ಧೂಳೆಂದು ಭಾವಿಸುವುದೂ ತಪ್ಪು. ವಾಹನಗಳ ಹೊಗೆ, ಸೌದೆಒಲೆಯ ಹೊಗೆ, ಬೀಡಿ ಸಿಗರೇಟುಗಳ ಹೊಗೆ ಯಾವ ಪಾಠವನ್ನೂ ಕಲಿಸದೆ ಬೆಳೆಯುವ ಶ್ವಾಸಕೋಶವನ್ನು ಕೆಡಿಸುತ್ತವೆ. ಗರ್ಭಿಣಿಯ ಸುತ್ತ ಸುಳಿಯುವ ಹೊಗೆಯ ಹಾನಿ ಹುಟ್ಟುವ ಮೊದಲೇ ಮಗುವನ್ನು ಮುಟ್ಟುತ್ತದೆ.

ಮಗುವಿಗೆ ಉಬ್ಬಸ ಬಂದರೆ ತಾಯಿಯನ್ನು ದೂರುವ ಮನೆಗಳನ್ನು ನಾನು ಕಂಡಿದ್ದೇನೆ. ವಂಶಗುಣ, ಗಾಳಿ, ಸೋಂಕು, ಬದಲಾದ ಬದುಕು ಎಲ್ಲವೂ ಕೂಡಿ ತರುವ ರೋಗಕ್ಕೆ ಒಬ್ಬಳನ್ನು ಹೊಣೆ ಮಾಡುವುದು ನ್ಯಾಯವಲ್ಲ. ಮನೆಯವರ ಕೈಲಾಗುವ ಕೆಲಸ ಬೇರೆಯಿದೆ: ಒಲೆಯ ಹೊಗೆ ಹೊರಹೋಗಲು ದಾರಿ ಮಾಡಬಹುದು, ಬೀಡಿ ಸೇದುವವರು ಅದನ್ನು ಬಿಡಬಹುದು, ಮಗುವನ್ನು ಗಿಡಮರಗಳ ನಡುವೆ ಆಡಲು ಬಿಡಬಹುದು.